ಮೀನು ಮರಿ ದುಂಡಗಿದ್ದವು, ಬಲೆ ಎಳೆದ ಮರುದಿನ ತೇಲಿದವು. ಯಾಕೆ?

ಪ್ರಶ್ನೆ (ಸಿಂಧನೂರು ತಾಲ್ಲೂಕು): ಸರ್, ನಮಸ್ಕಾರ. ಅರ್ಧ ಎಕರೆ ಭತ್ತದ ಗದ್ದೆಯನ್ನು ಮರಿ ಸಾಕುವ ಹೊಂಡ ಮಾಡಿದ್ದೇನೆ. ಕಾಟ್ಲಾ, ರೋಹು ಸ್ಪಾನ್ (ಆಗಷ್ಟೇ ಮೊಟ್ಟೆಯೊಡೆದ ಮರಿ) ತಂದು ಬಿಟ್ಟೆ. ಗಂಗಾವತಿ ಮಿಲ್ಲಿನ ತೌಡು ಅಗ್ಗಕ್ಕೆ ಸಿಕ್ಕಿತು, ಅದನ್ನೇ ದಿನಕ್ಕೆರಡು ಸಲ ಎರಚಿದೆ. 20 ದಿನಕ್ಕೆ ಇಂಚು ಉದ್ದ ಆದವು, ಹೊಟ್ಟೆ ದುಂಡಗೆ. ಅರ್ಧ ಮರಿ ಹಿಡಿದು ದೊಡ್ಡ ಹೊಂಡಕ್ಕೆ ಬಿಟ್ಟೆ. ಮರುದಿನ ನೋಡಿದರೆ ಮುಕ್ಕಾಲು ಪಾಲು ತೇಲುತ್ತಿವೆ. ಅದೇ ಹೊಂಡದ ಹಳೇ ಮೀನು ಆರಾಮಾಗಿವೆ. ಯಾವ ಔಷಧಿ ಹಾಕಲಿ?

ಉತ್ತರ: ಔಷಧಿಗೆ ದುಡ್ಡು ಸುರಿಯಬೇಡಿ ಅಣ್ಣಾ. ನೀವು ಬರೆದಿದ್ದು ನೋಡಿದರೆ ಇದು ರೋಗ ಅಲ್ಲ, ಊಟದ ಕೊರತೆ ಅನಿಸುತ್ತದೆ. ಮರಿ ದಪ್ಪ ಇದ್ದವು, ಗಟ್ಟಿ ಇರಲಿಲ್ಲ.

ಮೊಟ್ಟೆಯೊಡೆದ ಮರಿಗೆ ಹೊಟ್ಟೆಯಡಿಯ ಹಳದಿ ಚೀಲವೇ ಬುತ್ತಿ. ಸುಮಾರು 3 ದಿನಕ್ಕೆ ಅದು ಖಾಲಿ. ಆಗ ಬಾಯಿ ಸೂಜಿಮೊನೆಯಷ್ಟು, ಕರುಳು ಗಿಡ್ಡ, ಜೀರ್ಣರಸವೂ ಕಡಿಮೆ. (ಈ ಜಾತಿಗೆ ದೊಡ್ಡದಾದ ಮೇಲೂ ಜಠರ ಅನ್ನೋದೇ ಇಲ್ಲ, ಬರೀ ಕರುಳು.) ಒಣ ತೌಡು ಬಹುಪಾಲು ಹಾಗೇ ಹೊರಗೆ ಹೋಗುತ್ತದೆ. ರೋಟಿಫರ್, ಮೊಯಿನಾದಂಥ ನೀರಿನ ಸಣ್ಣ ಹುಳ ಸಿಕ್ಕರೆ ಮಾತ್ರ ಮೈಗೆ ಹತ್ತುತ್ತದೆ. ಪ್ರೋಟೀನು, ಒಳ್ಳೆ ಕೊಬ್ಬು ಎರಡೂ ಅದರಲ್ಲಿ ಇರುತ್ತವೆ. ಈ ಕೊಬ್ಬು, ವಿಟಮಿನ್ ಸಿ ಕಮ್ಮಿಯಾದರೆ ಮರಿ ಬೆಳೆದಂತೆ ಕಂಡರೂ ಬಲೆಯ ತಿಕ್ಕಾಟ, ನೀರಿನ ಬದಲಾವಣೆ ತಡೆಯೋದಿಲ್ಲ. ವಿಟಮಿನ್ ಸಿ ತೀರಾ ಇಲ್ಲದಿದ್ದರೆ ಬೆನ್ನೇ ಸೊಟ್ಟಗಾಗುತ್ತದೆ.

ಮುಂದಿನ ಸಲ ಸ್ಪಾನ್ ಬಿಡುವ 2–3 ದಿನ ಮೊದಲೇ ಹುಳ ಎಬ್ಬಿಸಿ. ಅರ್ಧ ಎಕರೆಗೆ ಒಟ್ಟು 150 ಕೆಜಿ ಶೇಂಗಾ ಹಿಂಡಿ, 40 ಕೆಜಿ ಸಗಣಿ, 10 ಕೆಜಿ ಸೂಪರ್ ಫಾಸ್ಫೇಟ್. ನೆನೆಸಿ, ಕಲಸಿ, ಅರ್ಧ ಆಗ ಹಾಕಿ, ಉಳಿದದ್ದು ಆಮೇಲೆ ಎರಡು ಮೂರು ಕಂತಿನಲ್ಲಿ. ಗಾಜಿನ ಲೋಟದಲ್ಲಿ ಹೊಂಡದ ನೀರು ತುಂಬಿ ಬೆಳಕಿಗೆ ಹಿಡಿಯಿರಿ. ಬಿಳಿ ಚುಕ್ಕೆಗಳು ಕುಪ್ಪಳಿಸುತ್ತಿದ್ದರೆ ಊಟ ರೆಡಿ. ಬರೀ ಹಸಿರು ನೀರು ಕಂಡು ಖುಷಿಪಡಬೇಡಿ, ಅದು ಹುಳದ ಊಟ. ತೌಡು ಬೇಡ ಅಂತಲ್ಲ. ಜರಡಿ ಹಿಡಿದು, ಅಷ್ಟೇ ತೂಕದ ಹಿಂಡಿಪುಡಿ ಬೆರೆಸಿ, ಹುಳದ ಜೊತೆಗೆ ಕೊಡಿ.

ಇನ್ನೊಂದು, ಹೊಟ್ಟೆ ತುಂಬಿದ ಮರಿಗೆ ಬಲೆ ಎಳೆದಿರಿ, ಅಲ್ವಾ? ಹಿಂದಿನ ದಿನ ಊಟ ನಿಲ್ಲಿಸಬೇಕಿತ್ತು. ತುಂಬಿದ ಹೊಟ್ಟೆಯ ಮರಿ ಆಕ್ಸಿಜನ್ ಜಾಸ್ತಿ ಎಳೆಯುತ್ತದೆ, ಅದರ ಹೇಲಿನಿಂದ ಮರಿ ಸಾಗಿಸುವ ಡ್ರಮ್ಮಿನ ನೀರೂ ಕೆಡುತ್ತದೆ.

ಪ್ರಶ್ನೆ (ಸಿರುಗುಪ್ಪ): ಮೇಲಿನದ್ದು ಓದಿದೆ ಸರ್. ಹಿಂಡಿ ರೇಟು ಕೇಳಿದರೆ ತಲೆ ತಿರುಗುತ್ತದೆ. ಮನೆಯಲ್ಲಿ ಬೂಷ್ಟು ಹಿಡಿದ ಎರಡು ಚೀಲ ಇದೆ, ನಡೆಯುತ್ತಾ?

ಉತ್ತರ: ಬೇಡವೇ ಬೇಡ. ಶೇಂಗಾದ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ವಿಷ ಇರಬಹುದು, ಅದು ಮೀನಿನ ಪಿತ್ತಜನಕಾಂಗವನ್ನೇ (ಲಿವರ್) ಕೆಡಿಸುತ್ತದೆ. ಬಿಸಿಲಿಗೆ ಒಣಗಿಸಿದರೂ ವಿಷ ಹೋಗೋದಿಲ್ಲ. ದನಕ್ಕೂ ಹಾಕಬೇಡಿ.

ಪ್ರಶ್ನೆ (ಸಿಂಧನೂರು ತಾಲ್ಲೂಕು): ಸರ್, ಉಳಿದರ್ಧ ಮರಿ ಇನ್ನೂ ಚಿಕ್ಕ ಹೊಂಡದಲ್ಲೇ ಇವೆ. ಯಾವಾಗ ಹಿಡಿಯಲಿ?

ಉತ್ತರ: ಬೋಗುಣಿಯಲ್ಲಿ ನೀರು ಹಾಕಿ 20 ಮರಿ ಬಿಡಿ. ಕೈಯಿಂದ ನೀರನ್ನು ಗರಗರ ತಿರುಗಿಸಿ. ಗಟ್ಟಿ ಮರಿ ಸೆಳವಿಗೆ ಎದುರು ಈಜುತ್ತದೆ. ನಿಶ್ಶಕ್ತಿ ಇದ್ದದ್ದು ನೀರಿನ ಜೊತೆ ಸುತ್ತಿ ನಡುವೆ ಗುಡ್ಡೆಯಾಗುತ್ತದೆ.

ಪ್ರಶ್ನೆ (ಸಿಂಧನೂರು ತಾಲ್ಲೂಕು): ಈಗಷ್ಟೇ ನೋಡಿದೆ ಸರ್. 13 ಸುತ್ತುತ್ತಿವೆ, 7 ಮಾತ್ರ ಎದುರು ಈಜುತ್ತಿವೆ.

ಉತ್ತರ: ಹಾಗಾದ್ರೆ ಬಲೆ ಮಡಚಿಡಿ. ಇವತ್ತು ಸಂಜೆಯೇ ಹಿಂಡಿ ನೆನೆಹಾಕಿ, ವಾರ ಬಿಟ್ಟು ಮತ್ತೆ ಬೋಗುಣಿ ತಿರುಗಿಸಿ ನೋಡಿ.