ಬಹರೈನಲ್ಲಿ ಮಾಲ್ ಬಿಟ್ಟು ನೋಡ್ಲಿಕ್ಕೆ ಎಂತಾದ್ರೂ ಉಂಟಾ?

ಬದಿಯಡ್ಕದ ಪುಳ್ಳಿ
ಎಲ್ರಿಗೂ ನಮಸ್ಕಾರ. ನಮ್ಮ ಅಣ್ಣ ಬಹರೈನಿಗೆ ಹೋಗಿ 9 ವರ್ಷ ಆಯ್ತು, ಬರುವ ಜನವರಿಯಲ್ಲಿ ಅಪ್ಪ ಅಮ್ಮನನ್ನು ಕರ್ಕೊಂಡು ನಾನೂ ಹೋಗ್ತಾ ಇದ್ದೇನೆ, 6 ದಿನಕ್ಕೆ. ಅಲ್ಲಿ ಎಂತ ಉಂಟು ಅಂತ ಕೇಳಿದ್ರೆ ಅಣ್ಣ "ಎಂತದ್ದೂ ಇಲ್ಲ ಮಾರಾಯ್ತಿ, ಮಾಲ್ ಉಂಟು, ಮತ್ತೆ ಮರಳು, ಬೇಕಾದ್ರೆ ಮೂರು ದಿನ ದುಬೈಗೆ ಹೋಗಿ ಬರುವ" ಅಂತಾನೆ. ಅಪ್ಪ ರಿಟೈರ್ಡ್ ಮಾಷ್ಟ್ರು, ಇಲ್ಲಿಯ ಕನ್ನಡ ಶಾಲೆಯಲ್ಲಿ 30 ವರ್ಷ ಸಮಾಜ ಪಾಠ ಮಾಡಿದವರು, ಎತ್ತರದ ಬಿಲ್ಡಿಂಗ್ ನೋಡಿ ಅವರಿಗೆ ಎಂತ ಆಗ್ಬೇಕು. ಅಮ್ಮನಿಗೆ ಮೊಣಕಾಲು ನೋವು. ಹೋಗಿ ಬಂದವರು ಯಾರಾದ್ರೂ ಇದ್ರೆ ಹೇಳಿ, ನಿಜವಾಗಿ ಎಂತದ್ದೂ ಇಲ್ವಾ?

ಮುಹರಖ್ ರಿಟರ್ನ್
ನಿಮ್ಮಣ್ಣನ ತಪ್ಪಲ್ಲ ತಂಗಿ. ನಾನು 11 ವರ್ಷ ಇದ್ದೆ ಅಲ್ಲಿ, ಮೊದಲ 7 ವರ್ಷ ನಾನೂ ಹೀಗೇ ಹೇಳ್ತಿದ್ದದ್ದು, ಯಾಕಂದ್ರೆ ನಾನು ನೋಡಿದ್ದೇ ರೂಮು, ಕಂಪೆನಿ ಬಸ್ಸು, ಸೈಟು. ಇಡೀ ದೇಶ ನಮ್ಮ ಕಾಸರಗೋಡು ಜಿಲ್ಲೆಯ ಅರ್ಧದಷ್ಟೂ ಇಲ್ಲ, ಆದ್ರೂ ನೋಡಿರ್ಲಿಲ್ಲ. ಮತ್ತೆ ಊರಿಂದ ಮಾವ ಬಂದ್ರು, ಅವರನ್ನು ಎಲ್ಲಿಗಾದ್ರೂ ಕರ್ಕೊಂಡು ಹೋಗ್ಬೇಕಲ್ಲ ಅಂತ ಬಹರೈನ್ ಕೋಟೆಗೆ ಹೋದದ್ದು.

ಬೇಕಲ ಕೋಟೆಯ ಲೆಕ್ಕದಲ್ಲಿ ಹೋದ್ರೆ ನಿರಾಸೆ ಆಗ್ತದೆ, ಮೊದಲೇ ಹೇಳಿದೆ. ಮೇಲೆ ಕಾಣೋದು ಪೋರ್ಚುಗೀಸರ ಕಾಲದ ಕೋಟೆ, ಆದ್ರೆ ವಿಷಯ ಇರೋದು ಅದರ ಅಡಿಯಲ್ಲಿ. ನೀವು ನಿಂತ ದಿಬ್ಬವೇ ಸುಮಾರು 12 ಮೀಟರ್ ಎತ್ತರ, ಅದು ಮಣ್ಣಿನ ಗುಡ್ಡ ಅಲ್ಲ, ಕ್ರಿಸ್ತಪೂರ್ವ 2300ರ ಆಸುಪಾಸಿಂದ ಜನ ಒಬ್ಬರ ಮನೆ ಬಿದ್ದ ಮೇಲೆ ಇನ್ನೊಬ್ಬರು ಕಟ್ಟಿ ಕಟ್ಟಿ ಆದದ್ದು. ದಿಲ್ಮುನ್ ಅಂತ ಒಂದು ರಾಜ್ಯ ಇತ್ತಲ್ಲ, ಅದರ ರಾಜಧಾನಿ. 2005ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಅಪ್ಪ ಸಮಾಜ ಮಾಷ್ಟ್ರು ಅಂದ್ರಲ್ಲ, ಅವರಿಗೆ ಇದು ಹೇಳಿ: ಹರಪ್ಪದವರು ಬಳಸ್ತಿದ್ದ ತೂಕದ ಕಲ್ಲು ಇಲ್ಲಿ ಅಗೆಯುವಾಗ ಸಿಕ್ಕಿದೆ, ಈ ಕಡೆಯ ದುಂಡು ಮುದ್ರೆ ಅಲ್ಲಿ ಗುಜರಾತಿನ ಲೋಥಲಲ್ಲಿ ಸಿಕ್ಕಿದೆ. ಲೋಥಲ್ ಅಗೆದದ್ದು ನಮ್ಮ ಕನ್ನಡದವರೇ ಆದ ಎಸ್.ಆರ್. ರಾವ್. ನಾವು ಗಲ್ಫಿಗೆ ಹೋಗ್ಲಿಕ್ಕೆ ಶುರು ಮಾಡಿದ್ದು 50 ವರ್ಷದ ಹಿಂದೆ ಅಂತ ಹೇಳ್ತೇವೆ, 4000 ವರ್ಷದ ಹಿಂದೆಯೇ ನಮ್ಮ ಕಡೆಯ ಹಡಗು ಹೋಗಿ ಬರ್ತಿತ್ತು!

ಸಂಜೆ 4 ಗಂಟೆಗೆ ಹೋಗಿ. ದಾರಿ ಸಮತಟ್ಟು, ಒಳಗೆ ಮಾತ್ರ ಸ್ವಲ್ಪ ಮೆಟ್ಲು, ಅಮ್ಮನನ್ನು ಮ್ಯೂಸಿಯಂ ಪಕ್ಕದ ಕೆಫೆಯಲ್ಲಿ ಕೂರಿಸಿದ್ರೆ ಸಮುದ್ರ ನೋಡ್ತಾ ಚಾಯ ಕುಡೀಬಹುದು.

ಉಪ್ಪಳ ಗೇಟ್
ಎಲ್ಲ ಸರಿ, ಆದ್ರೆ ಆ "ಜೀವನದ ಮರ"ಕ್ಕೆ ಮಾತ್ರ ಹೋಗ್ಬೇಡಿ ಮಾರಾಯ್ರೆ. ರಾಜಧಾನಿ ಮನಾಮದಿಂದ 40 ಕಿಲೋಮೀಟರ್ ಮರಳಲ್ಲಿ ಹೋಗಿ ನೋಡಿದ್ರೆ ಒಂದು ಮರ. ಒಂದೇ. ನಮ್ಮ ತೋಟದಲ್ಲಿ ಸಾವಿರ ಉಂಟು, ನೋಡ್ಲಿಕ್ಕೆ ಯಾರೂ ಬರೋದಿಲ್ಲ.

ಕುಂಬಳೆ ಅಕ್ಕ
@ಉಪ್ಪಳ ಗೇಟ್ ಅದು ಯಾವ ಮರ ಅಂತ ನೋಡಿದ್ರಾ ನೀವು? ಬನ್ನಿ ಮರ! ನಮ್ಮ ಶಮಿ. ವಿಜಯದಶಮಿಗೆ ಬನ್ನಿ ಹಂಚುವವರು ನಾವು, ಆ ಮರ ಸುತ್ತಮುತ್ತ ಒಂದು ಹುಲ್ಲುಕಡ್ಡಿ ಇಲ್ಲದ ಕಡೆ 400 ವರ್ಷದಿಂದ ಹಸಿರಾಗಿ ನಿಂತಿದೆ, ಬೇರು ತುಂಬ ಆಳಕ್ಕೆ ಹೋಗ್ತದೆ ಅದಕ್ಕೆ. ನಮ್ಮತ್ತೆ ಕಾರಿಂದ ಇಳಿದು ಹತ್ತಿರ ಹೋಗಿ ಎಲೆ ನೋಡಿದವರೇ "ಇದು ಬನ್ನಿ ಅಲ್ವನೇ" ಅಂತ ಚಪ್ಪಲಿ ಬಿಚ್ಚಿ ಕೈ ಮುಗಿದ್ರು, ಪಕ್ಕದಲ್ಲಿ ಸೆಲ್ಫಿ ತೆಗೀತಿದ್ದವರು ನಮ್ಮನ್ನೇ ನೋಡ್ಲಿಕ್ಕೆ ಶುರು. ಕೊಂಬೆಗಳು ನೆಲಕ್ಕೆ ಒರಗಿ ಮಲಗಿವೆ, ಮೊಣಕಾಲು ನೋವಿನವರು ಆರಾಮಾಗಿ ನೋಡಬಹುದು, ಒಂದೆಲೆ ಕೂಡ ಕೀಳ್ಬೇಡಿ ಅಷ್ಟೆ. 1932ರಲ್ಲಿ ಆ ದೇಶಕ್ಕೆ ಮೊದಲು ಎಣ್ಣೆ ಸಿಕ್ಕಿದ ಬಾವಿಯೂ ಆ ಕಡೆಯೇ, ಒಂದೇ ಟ್ರಿಪ್ಪಲ್ಲಿ ಮುಗೀತದೆ.

ಮುಹರಖ್ ಅಂತ ಹಳೆ ಊರು ಉಂಟು, ಅಲ್ಲಿಯ ಮುತ್ತಿನ ದಾರಿ ಬಿಡ್ಬೇಡಿ, ಅದೂ ಯುನೆಸ್ಕೋದ್ದು, 2012. ಹಳೆ ಗಲ್ಲಿಗಳಲ್ಲಿ ನಡೆಯುವುದು, ಮುತ್ತಿನ ವ್ಯಾಪಾರಿಗಳ ಮನೆಗಳು. ಅಲ್ಲಿಯ ಕಥೆ ಕೇಳಿದ್ರೆ ಹೊಟ್ಟೆ ಉರೀತದೆ, ಮೂಗಿಗೆ ಕ್ಲಿಪ್ ಹಾಕಿ ಕಾಲಿಗೆ ಕಲ್ಲು ಕಟ್ಟಿ ಮುಳುಗುವವ ಒಬ್ಬ, ಮೇಲಿಂದ ಹಗ್ಗ ಎಳೆಯುವವ ಒಬ್ಬ, ಇಬ್ಬರೂ ನಾಖುದನ (ಹಡಗಿನ ಯಜಮಾನ) ಹತ್ತಿರ ಮುಂಗಡ ತಗೊಂಡ ಸಾಲ ತೀರಿಸ್ಲಿಕ್ಕೆ ಮತ್ತೆ ಮುಂದಿನ ವರ್ಷವೂ ಅದೇ ಹಡಗಿಗೆ. 1930ರ ಹೊತ್ತಿಗೆ ಜಪಾನಿನವರು ಸಾಕಿದ ಮುತ್ತು, ಅಂದ್ರೆ ಚಿಪ್ಪಿ ಸಾಕಿ ಬೆಳೆಸಿದ್ದು, ತಂದ್ರು, ಆ ವ್ಯಾಪಾರ ಬಿದ್ದೇ ಹೋಯ್ತು. ಈಗಲೂ ಬಹರೈನಲ್ಲಿ ಸಾಕಿದ ಮುತ್ತು ಮಾರುವ ಹಾಗಿಲ್ಲ. ಆದ್ರೆ ರೇಟು ಕೇಳುವ ಮೊದಲು ಕೂತ್ಕೊಳ್ಳಿ, ಒಂದು ದಿನಾರ್ ಅಂದ್ರೆ ನಮ್ಮ 200 ರೂಪಾಯಿಗಿಂತ ಮೇಲೆ. ನಾನು ಕೇಸರಿ ಹಾಕಿದ ಹಲ್ವ ಎರಡು ಡಬ್ಬ ತಗೊಂಡು ಬಂದೆ.

ಮುಹರಖ್ ರಿಟರ್ನ್
ಅಕ್ಕ ಹೇಳಿದ್ದು ಸರಿ. ಇನ್ನೊಂದು, ಮನಾಮದ ಹಳೆ ಪೇಟೆಯಲ್ಲಿ ಸಿಂಧಿ ವ್ಯಾಪಾರಿಗಳು ಕಟ್ಟಿದ ಶ್ರೀನಾಥಜಿ ದೇವಸ್ಥಾನ ಉಂಟು, 200 ವರ್ಷ ಹಳೆಯದ್ದು. ಅಮ್ಮನಿಗೆ ಅದು ತೋರ್ಸಿ. ಆಲಿ ಅಂತ ಒಂದು ಊರಲ್ಲಿ ದಿಲ್ಮುನ್ ಕಾಲದ ಸಮಾಧಿ ದಿಬ್ಬಗಳು ಮನೆಗಳ ನಡುವೆ ಹಾಗೇ ಕೂತಿವೆ, ದೇಶದಲ್ಲಿ ಒಟ್ಟು 11 ಸಾವಿರಕ್ಕಿಂತ ಜಾಸ್ತಿ ಅಂತೆ. ಬೇಸಿಗೆಯಲ್ಲಿ ಯಾರಾದ್ರೂ ಕೇಳಿದ್ರೆ ಹೋಗ್ಬೇಡಿ ಅಂತ ಹೇಳ್ತಿದ್ದೆ, ಜನವರಿ ಲಾಯ್ಕ, ಸಂಜೆಗೆ ಅಮ್ಮನಿಗೊಂದು ಸ್ವೆಟರ್ ಇರ್ಲಿ.

ಬದಿಯಡ್ಕದ ಪುಳ್ಳಿ
ಎಲ್ರಿಗೂ ತುಂಬ ಥ್ಯಾಂಕ್ಸ್. ಅಪ್ಪನಿಗೆ ಓದಿ ಹೇಳಿದೆ, ಲೋಥಲ್ ಅಂದ ಕೂಡ್ಲೆ ಎದ್ದು ಹೋಗಿ ಅಟ್ಟದಿಂದ ಹಳೆ ಅಟ್ಲಾಸ್ ತೆಗ್ದು ಕೂತಿದ್ದಾರೆ, ಊಟಕ್ಕೆ ಕರೆದ್ರೂ ಬರ್ಲಿಲ್ಲ. ದುಬೈ ಕ್ಯಾನ್ಸಲ್. ಅಣ್ಣನಿಗೆ ಇದರ ಲಿಂಕ್ ಕಳ್ಸಿದ್ರೆ "ಕೋಟೆ ನಮ್ಮ ರೂಮಿಂದ 15 ನಿಮಿಷ, ನಾನು ಒಮ್ಮೆಯೂ ಹೋಗ್ಲಿಲ್ಲ" ಅಂತ ಮೆಸೇಜ್ ಬಂತು. ಅಮ್ಮನದ್ದು ಒಂದೇ ಪ್ರಶ್ನೆ, ಆ ಬನ್ನಿಗೆ ಒಂದು ಚೊಂಬು ನೀರು ಹಾಕ್ಬಹುದಾ, ಯಾರಾದ್ರೂ ಬೈತಾರಾ?

ಕುಂಬಳೆ ಅಕ್ಕ
ಕಟ್ಟೆಯ ಹತ್ತಿರ ಕಾವಲಿನವರು ಇದ್ರೆ ಕೇಳಿ ಹಾಕ್ಲಿ. ಬಾಟ್ಲಿ ನೀರು ಸಾಕು, ಚೊಂಬು ಊರಲ್ಲೇ ಇಟ್ಟು ಹೋಗ್ಲಿಕ್ಕೆ ಹೇಳಿ.