ಸಹಾಯ ಬೇಕು: ಮಗುವಿನ ವಯಸ್ಸೇ ಖಚಿತವಿಲ್ಲ, ಬೆಳವಣಿಗೆ ಹೇಗೆ ನೋಡೋದು?

ಕುಷ್ಟಗಿ ತಾಲ್ಲೂಕಿನ ಸರ್ಕಾರಿ ಶಾಲೆಯಲ್ಲಿ ಟೀಚರ್ ನಾನು. ಮಕ್ಕಳ ಎತ್ತರ, ತೂಕ ಅಳೆದು ಡಬ್ಲ್ಯೂಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) 2007ರ ಬೆಳವಣಿಗೆ ಪಟ್ಟಿಗೆ ಹೋಲಿಸುತ್ತಿದ್ದೇನೆ. ಒಬ್ಬ ಹುಡುಗಿಯ ವಿಷಯದಲ್ಲಿ ಏನೂ ತೋಚುತ್ತಿಲ್ಲ.

ಎತ್ತರ 118 ಸೆಂ.ಮೀ., ತೂಕ 19.5 ಕೆ.ಜಿ. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಸುಮಾರು 14, ಅಂದರೆ ಮೈನಸ್ 2 ಎಸ್‌ಡಿ ಗೆರೆಗಿಂತ (ಪಟ್ಟಿಯಲ್ಲಿ ಇದಕ್ಕಿಂತ ಕೆಳಗಿದ್ದರೆ ವಯಸ್ಸಿಗೆ ತೀರಾ ಕಡಿಮೆ ಅಂತ ಲೆಕ್ಕ) ಮೇಲೇ. ಅದನ್ನಷ್ಟೇ ನೋಡಿದರೆ ಮಗು ಸರಿಯಾಗಿದೆ ಅನ್ನಬೇಕು. ಆದರೆ ಕುಳ್ಳಗಿರುವ ಮಗುವಿಗೆ ತೂಕವೂ ಕಡಿಮೆ ಇದ್ದರೆ ಬಿಎಂಐ ಸರಿಯಾಗೇ ಕಾಣುತ್ತದೆ ಅಲ್ವಾ? ದಾಖಲೆಯಂತೆ ಅವಳಿಗೆ ಈಗ 9 ತುಂಬಿದೆ. ಆ ಲೆಕ್ಕದಲ್ಲಿ ಎತ್ತರ ಮೈನಸ್ 2 ಗೆರೆಗಿಂತ ಕೆಳಗೆ. ಅಮ್ಮ "ಎಂಟು ಈಗ ತುಂಬ್ತು" ಅಂತಾರೆ. ಹಾಗಿದ್ದರೆ ಗೆರೆಗಿಂತ ಮೇಲೆ.

ಜಡೆ ಬಿಚ್ಚಿಸಿ, ಹಿಮ್ಮಡಿ ಗೋಡೆಗೆ ತಾಗಿಸಿ ಮತ್ತೆ ಅಳೆದೆ, ಅಷ್ಟೇ ಬಂತು. ದಾಖಲೆಯಲ್ಲಿ ಹುಟ್ಟಿದ ದಿನ ಜೂನ್ 1. ಸೇರಿಸುವಾಗ ಸುಮ್ನೆ ಬರೆದದ್ದಿರಬೇಕು. ತಾಯಿ ಕಾರ್ಡ್ ಗುಳೆ ಹೋದಾಗ ಕಳೆದಿದೆ. ಕಾರಹುಣ್ಣಿಮೆ ಹೊತ್ತಿಗೆ ಹುಟ್ಟಿದ್ದು ಅಂತ ಅಮ್ಮನಿಗೆ ನೆನಪಿದೆ, ವರ್ಷ ಗೊತ್ತಿಲ್ಲ. ಊರಿನ ನರ್ಸ್ ಬಿಎಂಐ ನೋಡಿ ತೊಂದರೆಯಿಲ್ಲ ಅಂದರು. ನನಗೆ ಸಮಾಧಾನವಿಲ್ಲ.

ಇಂಥ ಕಡೆ ಯಾವ ವಯಸ್ಸು ಹಿಡಿಯಬೇಕು? ಬಿಎಂಐ ಸರಿಯಿದ್ದರೂ ಎತ್ತರ ಒಂದನ್ನೇ ನೋಡಿ ಡಾಕ್ಟರ ಹತ್ತಿರ ಕಳಿಸಬಹುದಾ? ಅಥವಾ ಆರು ತಿಂಗಳು ಬಿಟ್ಟು ಮತ್ತೆ ಅಳೆದು ನೋಡಲಾ?