ಬೇಸ್ ಆಂಪ್ಲಿಫೈಯರಿನ ಗೇನ್, ಟ್ರೆಬಲ್: ಕನ್ನಡದಲ್ಲಿ ಹೇಗೆ ಹೇಳೋಣ?

ಗೆಳೆಯರೇ,

ಬೇಸ್ ಗಿಟಾರ್ ಕಲಿಯುತ್ತಿರುವವರಿಗಾಗಿ, ಆಂಪ್ಲಿಫೈಯರಿನ ಮುಂಭಾಗದಲ್ಲಿರುವ ತಿರುಗಣೆಗಳ ಬಗ್ಗೆ ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ), ಸ್ಪೀಕರ್, ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿ) ಹಾಗೇ ಇರಲಿ, ಅವಕ್ಕೆ ಕನ್ನಡ ಹುಡುಕುವ ಹಟವಿಲ್ಲ. ತೊಡಕಾಗಿರುವುದು ಯಾವ ತಿರುಗಣೆ ಏನು ಮಾಡುತ್ತದೆ ಎಂದು ವಿವರಿಸುವಾಗ.

ಮೊದಲು ಗೇನ್ ಮತ್ತು ಮಾಸ್ಟರ್. ಆಡುಮಾತಿನಲ್ಲಿ ಎರಡಕ್ಕೂ ‘ಸೌಂಡ್ ಜಾಸ್ತಿ ಮಾಡು’ ಅಂದುಬಿಡುತ್ತೇವೆ. ಆದರೆ ಪಿಕಪ್‌ನಿಂದ ಬರುವ ದುರ್ಬಲ ಸಂಕೇತವನ್ನು ಒಳಬರುವಾಗಲೇ ಎಷ್ಟು ಎತ್ತಬೇಕೆಂದು ನಿರ್ಧರಿಸುವುದು ಗೇನ್. ಹೀಗೆ ಹದಗೊಂಡದ್ದನ್ನು ಸ್ಪೀಕರಿಗೆ ಎಷ್ಟು ಜೋರಾಗಿ ಕಳಿಸಬೇಕೆನ್ನುವುದು ಮಾಸ್ಟರ್. ಮಾಸ್ಟರನ್ನು ಪೂರ್ತಿ ಇಳಿಸಿ, ತಂತಿಯನ್ನು ನುಡಿಸುವಷ್ಟೂ ಜೋರಾಗಿ ಮೀಟುತ್ತ, ಸಂಕೇತ ಮಿತಿಮೀರಿದ್ದನ್ನು ತೋರಿಸುವ ಕ್ಲಿಪ್ ದೀಪ ಮಿನುಗುವವರೆಗೆ ಗೇನ್ ಏರಿಸಿ, ಅಲ್ಲಿಂದ ತುಸು ಇಳಿಸಬೇಕು. ಕೋಣೆಗೆ ಬೇಕಾದಷ್ಟು ಮಾಸ್ಟರ್ ಏರಿಸುವುದು ಆಮೇಲೆ. ಇದನ್ನು ಬರೆಯಲು ‘ಒಳಮಟ್ಟ’, ‘ಹೊರಮಟ್ಟ’ ಎಂದು ಇಟ್ಟುಕೊಂಡಿದ್ದೇನೆ. ಯಕ್ಷಗಾನ ಬಲ್ಲವರಿಗೆ ಇಲ್ಲಿ ‘ಮಟ್ಟು’ (ಹಾಡಿನ ಧಾಟಿ) ನೆನಪಾಗಿ ಗೊಂದಲವಾದೀತೇ?

ಹೆಚ್ಚು ಕಾಡುತ್ತಿರುವುದು ದನಿಯ ಕೆಳಗಿನ, ನಡುವಿನ, ಮೇಲಿನ ಕಂಪನಗಳನ್ನು ಏರಿಳಿಸುವ ಬೇಸ್, ಮಿಡ್, ಟ್ರೆಬಲ್ ತಿರುಗಣೆಗಳು. ಕರಡು ಓದಿದ ಸ್ನೇಹಿತರೊಬ್ಬರು ‘ಮಂದ್ರ, ಮಧ್ಯ, ತಾರ’ ಎಂದು ತಿದ್ದಿಕೊಟ್ಟರು. ಕಿವಿಗೆ ಹಿತವಾಗಿದೆ, ಆದರೆ ಅರ್ಥ ತಪ್ಪುತ್ತದೆ. ಮಂದ್ರ, ತಾರ ಸ್ವರದ ಸ್ಥಾಯಿಗಳು. ನಾಲ್ಕು ತಂತಿಯ ಬೇಸ್ ಗಿಟಾರಿನಲ್ಲಿ ಒತ್ತದೆ ಬಿಟ್ಟ ಇ ತಂತಿ ಸುಮಾರು 41 ಹರ್ಟ್ಸ್, ಜಿ ತಂತಿ 98. ಜಿ ತಂತಿಯ 24ನೇ ಫ್ರೆಟ್ಟಿಗೆ ಹೋದರೂ 392 ದಾಟುವುದಿಲ್ಲ. ಟ್ರೆಬಲ್ ತಿರುಗಣೆ ಮುಖ್ಯವಾಗಿ ಕೆಲಸ ಮಾಡುವುದು ಸಾವಿರಾರು ಹರ್ಟ್ಸ್‌ಗಳ ಎತ್ತರದಲ್ಲಿ. ಅಲ್ಲಿ ಬೇಸಿನ ಯಾವ ಸ್ವರದ ಮೂಲನಾದವೂ ಇಲ್ಲ. ಇರುವುದು ಮೂಲನಾದದ ಮೇಲೆ ಏಳುವ ಉಪನಾದಗಳು, ಬೆರಳು ತಾಗಿದ ‘ಟಕ್’, ಫ್ರೆಟ್ಟಿಗೆ ಬಡಿದ ಲೋಹದ ಸದ್ದು. ಇ ತಂತಿ ಮೀಟಿ ಟ್ರೆಬಲ್ ಏರಿಸಿದರೆ ಸ್ವರ ಮಂದ್ರದಲ್ಲೇ ಇರುತ್ತದೆ, ಅಂಚು ಮಾತ್ರ ಹರಿತವಾಗುತ್ತದೆ. ತಂಬೂರಿಯ ಜೀವಾಳದ ದಾರ ಸರಿಸಿದಾಗ ಶ್ರುತಿ ಕದಲದೆ ನಾದ ಅರಳುತ್ತದಲ್ಲ, ಅದಕ್ಕೆ ಹತ್ತಿರದ ಸಂಗತಿ ಇದು. ‘ತಾರ’ ಎಂದು ಓದಿದ ವಿದ್ಯಾರ್ಥಿ ಮೇಲಿನ ಸ್ವರಗಳಿಗೆ ಮಾತ್ರ ಈ ತಿರುಗಣೆ ಎಂದುಕೊಂಡರೆ ತಪ್ಪು ಅವನದಲ್ಲ.

ಹಾಗಾಗಿ ‘ತಳದನಿ, ನಡುದನಿ, ಮೊನೆದನಿ’ ಎಂದು ಬರೆದು ನೋಡಿದೆ. ‘ಮೊನೆದನಿ’ ನನಗೆ ಒಪ್ಪಿಗೆಯಾಗಿದೆ. ‘ನಡುದನಿ’ ಸಪ್ಪೆಯೆನಿಸುತ್ತದೆ. ಡ್ರಮ್ಸ್ ಜೊತೆ ನುಡಿಸುವಾಗ ಬೇಸ್ ಕೇಳಿಸುತ್ತಿಲ್ಲವೆಂದು ಎಲ್ಲರೂ ತಳವನ್ನೇ ಏರಿಸುತ್ತಾರೆ. ಅಲ್ಲಿ ಕಾಲಿನಿಂದ ಬಡಿಯುವ ಕಿಕ್ ಡ್ರಮ್ ಆಗಲೇ ಜಾಗ ಹಿಡಿದಿರುತ್ತದೆ, ಸ್ವರ ಬಿಡಿಸಿ ಕೇಳಿಸುವುದು ನಡುವನ್ನು ತುಸು ಏರಿಸಿದಾಗಲೇ. ಇಷ್ಟು ಕೆಲಸ ಮಾಡುವ ತಿರುಗಣೆಗೆ ಇನ್ನೂ ಗಟ್ಟಿಯಾದ ಪದ ಬೇಕು.

ಪ್ಯಾಸಿವ್, ಆಕ್ಟಿವ್ ಗುಂಡಿಗೆ ‘ನಿಷ್ಕ್ರಿಯ, ಸಕ್ರಿಯ’ ಬೇಡವೆನಿಸಿತು. ‘ನಿಷ್ಕ್ರಿಯ’ ಅಂದರೆ ಕೆಟ್ಟುಹೋಗಿದೆ ಎಂದೇ ಓದುತ್ತಾರೆ. ‘ಬ್ಯಾಟರಿ ಇಲ್ಲದ ಬೇಸ್, ಬ್ಯಾಟರಿ ಇರುವ ಬೇಸ್’ ಎಂದು ಬಿಡಿಸಿ ಬರೆದಿದ್ದೇನೆ.

ಧ್ವನಿವರ್ಧಕದ ಕೆಲಸ ಮಾಡುವವರು, ನಾಟಕ ತಂಡದವರು ನಿಮ್ಮಲ್ಲಿದ್ದರೆ ಕೇಳಬೇಕಿತ್ತು: ಮಿಡ್ ಹೆಚ್ಚಾದಾಗಿನ ದನಿಯನ್ನು ನಿಮ್ಮ ಕಡೆ ಏನೆನ್ನುತ್ತಾರೆ? ಕ್ಲಿಪ್ ಆದಾಗ ‘ದನಿ ಒಡೆಯಿತು’ ಅನ್ನುತ್ತಾರೋ, ‘ಹರಿಯಿತು’ ಅನ್ನುತ್ತಾರೋ?